ಕೆಳಸಾಲಿನ ಆ ಕಡ್ಡಿ

ಮನೆಯಲ್ಲಿ ನಾನು ಏನು ಹೇಳಿದರೂ ನಗುತ್ತಾರೆ. ಮೊಮ್ಮಕ್ಕಳ ಚಪ್ಪಲಿ ಬಚ್ಚಿಡುವ ಮುದುಕಿಯ ಮಾತನ್ನು ಯಾರು ನಂಬುತ್ತಾರೆ? ಆದರೆ ಇದು ನಡೆದದ್ದು. ಸೊಸೆ ಸವಿತಾ ಪಕ್ಕದಲ್ಲೇ ಇದ್ದಳು, ಅವಳನ್ನೇ ಕೇಳಿ.

ಬೆಟ್ಟದಪುರದ ಮನೆಮನೆಗೆ ಆಗಷ್ಟೇ ಮೊಬೈಲು ಬಂದಿದ್ದ ಕಾಲ. ನಮ್ಮ ಬ್ಯಾರನ್‌ನಲ್ಲಿ ಹೊಗೆಸೊಪ್ಪು ಬೇಯುತ್ತಿತ್ತು; ಸೌದೆಯ ಬಿಸಿಯಲ್ಲಿ ಸೊಪ್ಪು ಒಣಗಿಸುವ ಮನೆ ಅದು. ಆ ವರ್ಷದ ಒಳ್ಳೆಯ ಸೊಪ್ಪೆಲ್ಲ ಅದರೊಳಗೇ. ಮಗ ಮಹೇಶ ಹೊರಗೆ ಒಲೆ ಕಾಯುತ್ತಿದ್ದ. ಊರೆಲ್ಲ ಮಲಗಿತ್ತು. ಸೌದೆ ಚಟಪಟ ಅನ್ನುವುದು ಬಿಟ್ಟರೆ ಸದ್ದಿಲ್ಲ...

ಬ್ಯಾರನ್ ಪಕ್ಕದ ಕೋಣೆಯಲ್ಲಿ ಸವಿತಾ ಕಂಪ್ಯೂಟರ್ ಮುಂದೆ ಕೂತಿದ್ದಳು, ನಾನು ಅವಳ ಪಕ್ಕ. ಬೆಳೆಗಾರರಿಗೆಂದು ಒಂದು ಪ್ರೋಗ್ರಾಂ ಬರೆಯುತ್ತಿದ್ದಳು. ಬ್ಯಾರನ್ ಒಳಗೆ ಸಾಲಾಗಿ ತೂಗುಹಾಕುವ ಯಾವ ಕಡ್ಡಿಗೆ ಯಾರು ಸೊಪ್ಪು ಕಟ್ಟಿದರು ಎಂಬುದು ಅದರಲ್ಲಿ ಇರಬೇಕು. ಸಡಿಲ ಕಟ್ಟಿದರೆ ಎಲೆಯೋ ಕಡ್ಡಿಯೋ ಜಾರಿ, ಒಲೆಯ ಬಿಸಿ ಹರಿದು ಕಾದ ಕೊಳವೆಯ ಮೇಲೆ ಬೀಳುತ್ತದೆ. ಬಿದ್ದರೆ ಬ್ಯಾರನ್ನೇ ಬೂದಿ.

ಆ ಪ್ರೋಗ್ರಾಂ ಪದೇ ಪದೇ ನಿಂತುಹೋಗುತ್ತಿತ್ತು.

"ಏನವ್ವ ಅದ್ರ ರೋಗ?" ಎಂದೆ.

"ಜೇಸನ್ ಅಂತ ಒಂದ್ ಬರವಣಿಗೆ ಅತ್ತೆ. ಬ್ಯಾರನ್ ಒಳ್ಗೆ ಸಾಲು, ಸಾಲೊಳ್ಗೆ ಕಡ್ಡಿ, ಕಡ್ಡಿಯೊಳ್ಗೆ ಕಟ್ದೋರ ಹೆಸ್ರು. ಅಂಗೇ ಒಂದ್ರೊಳ್ಗೊಂದು ಇಟ್ಟು ಬರ್ದುಕೊಡಕ್ಕೆ ಲೈಬ್ರರಿ ಅಂತ ಒಂದ್ ರೆಡಿ ಪ್ರೋಗ್ರಾಂ ಅದೆ. ಆದ್ರೆ ಕಡ್ಡಿ ತಿರ್ಗಿ ಸಾಲನ್ನ ಕರೀತದೆ, ಸಾಲು ಮತ್ತೆ ಕಡ್ಡೀನ ಕರೀತದೆ. ಸುತ್ತಿ ಸುತ್ತಿ ನಿಂತೋಯ್ತದೆ."

"ನೀನೂ ನಿನ್ ಗಂಡಾನೂ ಇದ್ದಂಗೆ ಅನ್ನು."

ಅವಳು ನಗಲಿಲ್ಲ. ಕಡ್ಡಿಯಿಂದ ಸಾಲಿಗೆ ವಾಪಸ್ ಹೋಗುವ ಕೊಂಡಿಯನ್ನು ತೆಗೆದು ಮತ್ತೆ ಓಡಿಸಿದಳು. ಪರದೆ ತುಂಬ ಅಕ್ಷರ ಇಳಿದವು... ಅವಳ ಕೈ ನಿಂತಿತು.

"ಅತ್ತೆ, ತಮಾಷೆಗೆ ಏನಾರ ಇದ್ರಲ್ಲಿ ಹೆಸ್ರು ಹಾಕ್ಸುದ್ರಾ?"

"ನಂಗೆ ಅದ್ರ ಸ್ವಿಚ್ಚೇ ಗೊತ್ತಿಲ್ಲ ಕಣವ್ವ."

"ಕೆಳಗಿನ ಸಾಲು, ನಡುವಿನ ಕಡ್ಡಿ. ಕಟ್ದೋರು... ಚಿಕ್ಕತಾಯಮ್ಮ."

ಚಿಕ್ಕತಾಯಮ್ಮ ನನ್ನ ಅತ್ತೆ. ಸವಿತಾ ಈ ಮನೆಗೆ ಬರುವ ಮೊದಲೇ ತೀರಿಕೊಂಡವರು.

ತಾನು ತುಂಬಿದ್ದ ಹೆಸರುಗಳನ್ನೆಲ್ಲ ಸವಿತಾ ಹುಡುಕಿದಳು. ಅಲ್ಲಿ ಇರಲಿಲ್ಲ. ಮತ್ತೆ ಓಡಿಸಿದಳು. ಮತ್ತೆ ಬಂತು...

"ನಡಿ, ನೋಡೇಬುಡಾನ," ಎಂದೆ.

ಒಲೆಯ ಪಕ್ಕ ಮಹೇಶ ಗೋಣಿಚೀಲದ ಮೇಲೆ ನಿದ್ದೆ ಹೋಗಿದ್ದ. ಬ್ಯಾರನ್ ಬಾಗಿಲು ತೆಗೆದೆವು. ಬಿಸಿಯ ಜೊತೆಗೆ ಸುಟ್ಟ ವಾಸನೆ ಮುಖಕ್ಕೆ ಬಡಿಯಿತು. ಟಾರ್ಚ್ ಬೆಳಕು ಬಿಟ್ಟರೆ... ಕೆಳಗಿನ ಸಾಲಿನ ನಡುವಿನ ಕಡ್ಡಿ ಒಂದು ತುದಿ ಜಾರಿ ಕೊಳವೆಯ ಮೇಲೆ ತೂಗುತ್ತಿತ್ತು. ಎಲೆಯ ತುದಿ ಹೊಗೆಯಾಡುತ್ತಿತ್ತು.

"ಏಳ್ಲಾ ಮಹೇಶ, ಬ್ಯಾರನ್ ಹತ್ಕತದೆ."

ಅವನು ಎದ್ದುಬಂದು ಕಡ್ಡಿಯನ್ನು ಹೊರಗೆಳೆದ. ಗೋಣಿಚೀಲದಲ್ಲಿ ಬಡಿದು ಕಿಡಿ ಆರಿಸಿದ. ಸೊಪ್ಪು ಉಳಿಯಿತು.

"ಯಾರವ್ವ ಇದ ಕಟ್ಟಿದ್ದು?" ಎಂದ.

ಗಂಟು ನೋಡಿದೆ. ಎಡಗೈ ಗಂಟು. ನಮ್ಮ ಕೆಲಸದ ಹೆಂಗಸರಲ್ಲಿ ಎಡಚರು ಯಾರೂ ಇರಲಿಲ್ಲ. ಚಿಕ್ಕತಾಯಮ್ಮ ಎಡಚಿ. ದಾರವನ್ನು ಬಾಯಲ್ಲಿ ಒದ್ದೆ ಮಾಡಿಕೊಂಡೇ ಗಂಟು ಹಾಕುತ್ತಿದ್ದರು. ಮುಟ್ಟಿದೆ. ಅಷ್ಟು ಕಾವಿನಲ್ಲಿ ಎಲೆ ಹಪ್ಪಳವಾಗಿತ್ತು... ದಾರ ಮಾತ್ರ ಹಸಿ.

ಆ ಹೆಸರು ಮತ್ತೆ ಯಾವತ್ತೂ ಬರಲಿಲ್ಲ. "ಅಜ್ಜಿ ನಮ್ಮನ್ನ ಉಳ್ಸಕ್ಕೆ ಬಂದಿದ್ರು ಅತ್ತೆ," ಅನ್ನುತ್ತಾಳೆ ಸವಿತಾ. ಇರಬಹುದು. ಆದರೆ ಜಾರಿದ್ದು ಅವರು ಕಟ್ಟಿದ ಕಡ್ಡಿಯೇ ಅಲ್ಲವೇ... ಬದುಕಿದ್ದಾಗ ಅವರಿಗೂ ನನಗೂ ಒಂದು ದಿನವೂ ಆಗಿಬಂದಿರಲಿಲ್ಲ.