ಗಾರ್ಮೆಂಟ್ಸ್ ನೀರು

ಆಗೆಲ್ಲ ಅವ್ವ ಬರುವುದು ಕಣ್ಣಿಗೆ ಕಾಣುವ ಮೊದಲೇ ಕಿವಿಗೆ ಕೇಳುತ್ತಿತ್ತು. ತಾಳಗುಂದದಲ್ಲಿ ವ್ಯಾನ್ ಇಳಿದು ಅವಳು ನಮ್ಮ ಓಣಿಗೆ ತಿರುಗಿದರೆ ಸಾಕು, ಚೀಲದೊಳಗೆ ನೀರಿನ ಬಾಟಲಿ ಕುಲುಕುವ ಸದ್ದು. ನಾನೂ ತಮ್ಮ ಮಂಜನೂ ಗೋಲಿಯಾಟ ಬಿಟ್ಟು ಓಡುತ್ತಿದ್ದೆವು. ಅವ್ವ ಶಿಕಾರಿಪುರದ ಗಾರ್ಮೆಂಟ್ಸಿನಲ್ಲಿ ಅಂಗಿಯ ಕಾಲರ್ ಹೊಲಿಯುತ್ತಿದ್ದಳು. ಬೆಳಿಗ್ಗೆ ಒಯ್ದ ನೀರು ಸಂಜೆ ಹಾಗೇ ವಾಪಸು ಬರುತ್ತಿತ್ತು. ಬೆಚ್ಚಗಾಗಿ, ಮಷಿನ್ ಎಣ್ಣೆಯ, ಹೊಸ ಬಟ್ಟೆಯ ವಾಸನೆ ಹಿಡಿದ ಆ ನೀರಿಗೆ ನಾವು ಗಾರ್ಮೆಂಟ್ಸ್ ನೀರು ಎಂದು ಹೆಸರಿಟ್ಟು, ಶರಬತ್ತಿಗೆ ಕಿತ್ತಾಡಿದ ಹಾಗೆ ಕಿತ್ತಾಡಿ ಕುಡಿಯುತ್ತಿದ್ದೆವು.

"ನೀನ್ಯಾಕೆ ಕುಡಿಯಲ್ಲವ್ವಾ?" ಎಂದು ಒಮ್ಮೆ ಕೇಳಿದ್ದೆ.

"ಕುಡಿದ್ರೆ ಎದ್ದು ಹೋಗ್ಬೇಕಾಗ್ತತಿ ಮಗಾ. ನಾನೆದ್ರೆ ಲೈನ್ ನಿಲ್ತತಿ."

ಅವಳು ಹೊಲಿದ ಕಾಲರನ್ನು ಪಕ್ಕದವಳು ಅಂಗಿಗೆ ಕೂಡಿಸಬೇಕು. ಒಬ್ಬಳು ಎದ್ದರೂ ಟಾರ್ಗೆಟ್ ತಪ್ಪುತ್ತಿತ್ತು, ತಪ್ಪಿದರೆ ಇಡೀ ಲೈನಿನ ಬೋನಸ್ ಹೋಗುತ್ತಿತ್ತು. ಹಾಗಾಗಿ ಸೂಪರ್‌ವೈಸರ್ ಬೈಯಬೇಕಾಗಿಯೇ ಇರಲಿಲ್ಲ, ಜೊತೆಯ ಹೆಂಗಸರೇ ಕಣ್ಣು ಕೆಂಪಗೆ ಮಾಡುತ್ತಿದ್ದರು. ಎಂಥ ಜಾಣತನ ನೋಡಿ.

ಆ ಬೇಸಿಗೆಯಲ್ಲಿ ಅವ್ವನಿಗೆ ಸೊಂಟನೋವು, ಉರಿಮೂತ್ರ, ಬಿಟ್ಟು ಬಿಟ್ಟು ಜ್ವರ. ಆದರೂ ರಜೆ ಹಾಕಲಿಲ್ಲ. ಒಂದು ಭಾನುವಾರ ಪಕ್ಕದ ಮಷಿನ್ನಿನ ಶಮೀಮಕ್ಕ ನಮ್ಮೂರಿಗೇ ಬಂದರು. ಶಿಕಾರಿಪುರದ ಟೈಲರ್ ಮನೆತನದವರು, ಮಾತೂ ಕತ್ತರಿಯ ಹಾಗೆ. ಮಂಡಕ್ಕಿ ತಿನ್ನುತ್ತಾ ಹೇಳಿದರು.

"ಒಬ್ಬಳೇ ಎದ್ರೆ ಬೈತಾರೆ. ಎಲ್ಲಾರೂ ಎದ್ರೆ ಯಾರು ಯಾರಿಗೆ ಬೈತಾರೆ? ನಾಳೆ ಒಟ್ಟಿಗೆ ನೀರು ಕುಡಿದು ಒಟ್ಟಿಗೇ ಎದ್ದು ಹೋಗಾಣ. ಆಮೇಲಿಂದು ನಮ್ಮ ಕಾರ್ಮಿಕರ ಸಂಘ ನೋಡ್ಕಂತತಿ."

"ಕೆಲಸ ಹೋದ್ರೆ ಶಮೀಮಕ್ಕ?"

"ಹಿಂಗೇ ಕುಂತ್ರೆ ಜೀವಾನೇ ಹೋಗ್ತತಲ್ಲೇ."

ಮರುದಿನ ಅವ್ವನ ಲೈನ್ ಎದ್ದಿತು. ಅದನ್ನು ನೋಡಿ ಹಿಂದಿನ ಲೈನೂ ಎದ್ದಿತು. ಸಂಘದವರು ಮ್ಯಾನೇಜರ್ ಜೊತೆ ಕೂತು ಹಟ ಹಿಡಿದ ಮೇಲೆ, ಒಬ್ಬಳು ಎದ್ದದ್ದಕ್ಕೆ ಎಲ್ಲರ ಬೋನಸ್ ಹಿಡಿಯುವುದು ನಿಂತಿತು. ಆ ಸಂಜೆ ಅವ್ವ ಸದ್ದಿಲ್ಲದೆ ಬಂದಳು. ಬಾಟಲಿ ಖಾಲಿ. ಮಂಜ ನೆಲದ ಮೇಲೆ ಬಿದ್ದು ಹೊರಳಾಡಿದ.

"ಎಲ್ಲಾ ನೀನೇ ಕುಡಿದುಬಿಟ್ಯಾ?"

"ಹೂಂನಪ್ಪಾ, ಎಲ್ಲಾ ನಾನೇ ಕುಡಿದೆ" ಎಂದು ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ಹಾಗೆ ನಕ್ಕದ್ದನ್ನು ನಾನು ಮತ್ತೆ ನೋಡಲಿಲ್ಲ. ಕಿಡ್ನಿ ಅಷ್ಟರಲ್ಲಾಗಲೇ ಕೆಟ್ಟಿತ್ತು. ನಾನು ಹೈಸ್ಕೂಲು ಮುಗಿಸುವ ಹೊತ್ತಿಗೆ ಅವಳಿರಲಿಲ್ಲ.

ಈಗ ಶಮೀಮಕ್ಕನೂ ಇಲ್ಲ. ಸಂಘದ ಕೋಣೆಯಲ್ಲಿ ಮೊಬೈಲ್ ಅಂಗಡಿ ಬಂದಿದೆ. ಬೋನಸ್ಸಿನ ಹಳೆಯ ಪದ್ಧತಿ ಬೇರೆ ಹೆಸರಿನಲ್ಲಿ ವಾಪಸು ಬಂದಿದೆಯಂತೆ. ನಾನು ಶಿಕಾರಿಪುರದ ಔಷಧಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದೇನೆ. ಸಂಜೆ ಗಾರ್ಮೆಂಟ್ಸ್ ಹುಡುಗಿಯರು ಬಂದು ದನಿ ತಗ್ಗಿಸಿ ಉರಿಮೂತ್ರದ ಮಾತ್ರೆ ಕೇಳುತ್ತಾರೆ. ನೀರು ಜಾಸ್ತಿ ಕುಡೀರಿ ಎನ್ನುತ್ತೇನೆ. ತಲೆಯಾಡಿಸಿ ಹೊರಡುತ್ತಾರೆ. ಅವರ ಚೀಲದೊಳಗೆ ನೀರು ಕುಲುಕುತ್ತದೆ, ಅವ್ವ ಬಂದಳೆಂದು ನನ್ನ ಜೀವ ಇವತ್ತಿಗೂ ಎದ್ದು ನಿಲ್ಲುತ್ತದೆ.