ಇಲಿಯ ಹುಳು, ಅತ್ತೆಯ ಹರಳೆಣ್ಣೆ

"ಒಂದೇ ಗುಟುಕಿಗೆ ಕುಡಿದುಬಿಡು ಮಗಾ, ಬಾಯಲ್ಲಿ ಇಟ್ಕೊಳ್ಬೇಡ" ಎಂದು ಅತ್ತೆ ರಾಕೇಶನಿಗೆ ಕಾಫಿ ಕೊಟ್ಟಾಗಲೇ ನನಗೆ ಅನುಮಾನ ಬಂತು.

ಅಬುಧಾಬಿಯಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನ ರಾಕೇಶನದ್ದು ಮರುಭೂಮಿಯ ಇಲಿಗಳ ಹೊಟ್ಟೆಯ ಹುಳುಗಳ ಬಗ್ಗೆ ಸಂಶೋಧನೆ. ಹಿಂದಿನ ದಿನ ಆ ಹುಳುಗಳ ಫೋಟೊ ತೋರಿಸಿ ಅತ್ತೆಯನ್ನು ಬೆಚ್ಚಿಬೀಳಿಸಿದ್ದ. ಈಗ ಬೋನುಗಳನ್ನು ಕಾರಿಗೆ ತುಂಬಿ ಮರಳುಗಾಡಿಗೆ ಹೊರಟು ನಿಂತಿದ್ದ.

ವಾಸನೆ ನನ್ನ ಮೂಗಿಗೆ ಬಡಿಯುವಷ್ಟರಲ್ಲಿ ಲೋಟ ಖಾಲಿ. ಕಾಫಿಯಲ್ಲಿದ್ದದ್ದು ಅತ್ತೆ ಊರಿನಿಂದ ತಂದ ಹರಳೆಣ್ಣೆ!

"ದಿನಾ ಇಲಿಯ ಹೊಟ್ಟೆ ನೋಡ್ತಾನೆ. ಇವನ ಹೊಟ್ಟೆಯ ಹುಳ ಯಾರು ನೋಡುದು ಮಾರಾಯ್ತಿ?" ಅತ್ತೆ ನನ್ನನ್ನೇ ಗದರಿದರು.

ಭೇದಿಯಿಂದ ಸುಸ್ತಾಗಿ ಮಧ್ಯಾಹ್ನವೇ ವಾಪಸು ಬಂದ ರಾಕೇಶ, "ಅಮ್ಮಾ, ಆ ಬಯಲಲ್ಲಿ ಇಲಿಗಾದ್ರೂ ಬಿಲ ಉಂಟು" ಎಂದು ಸೋಫಾಕ್ಕೆ ಒರಗಿದ. ಈಗಲೂ ನಮ್ಮಲ್ಲಿ ನೀರು ಕೊಟ್ಟರೂ ಮೂಸಿಯೇ ಕುಡಿಯುತ್ತಾನೆ.