ಮೈನಸ್ ಬಿಟ್ಟ ಲ್ಯಾಬ್ ಪುಸ್ತಕ

ಆಗ ನಾನು ಒಂದು ಡಿಪ್ಲೊಮಾ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಚಿಕ್ಕೇರೂರಿನಿಂದ ದಿನಾ ಬಸ್ಸಿನಲ್ಲಿ ನಿಂತು ಬಂದು, ಲ್ಯಾಬಿನ ಸ್ಟೂಲಿನ ಮೇಲೆ ಡಬ್ಬಿ ಬಿಚ್ಚಿ ಉಣ್ಣುವ ಅತಿಥಿ. ಸತ್ಕಾರ ಅಷ್ಟಕ್ಕೇ ಮುಗಿಯುತ್ತಿತ್ತು.

ಲ್ಯಾಬಿನಲ್ಲಿ ಡಿಜಿಟಲ್ ಸಂಖ್ಯೆಯನ್ನು ವೋಲ್ಟೇಜ್ ಮಾಡುವ ಒಂದು ಪ್ರಯೋಗವಿತ್ತು. ರೆಸಿಸ್ಟರ್‌ಗಳ ಜಾಲ ಸಂಖ್ಯೆಗೆ ತಕ್ಕಷ್ಟು ಕರೆಂಟನ್ನು ಮಾತ್ರ ಕೊಡುತ್ತದೆ. ಅದನ್ನು ವೋಲ್ಟೇಜಿಗೆ ಬದಲಿಸಲು ಕೊನೆಗೆ ಆಪ್-ಆಂಪ್ ಎಂಬ ಚಿಪ್ ಬೇಕು. ಈ ಜೋಡಣೆಯಲ್ಲಿ ಆ ಚಿಪ್ ಕೊಡುವ ಉತ್ತರ ಮೈನಸ್ಸಿನಲ್ಲೇ ಬರುತ್ತದೆ. ಮೊದಲ ದಿನ ಮೀಟರು ಮೈನಸ್ ಎರಡೂವರೆ ತೋರಿಸಿತು. ಮಕ್ಕಳಿಗೆ ಕೊಡುವ ಲ್ಯಾಬ್ ಪುಸ್ತಕದಲ್ಲಿ ಬರೀ ಎರಡೂವರೆ ಇತ್ತು.

ವಿಭಾಗದ ಮುಖ್ಯಸ್ಥರಿಗೆ ತೋರಿಸಿದೆ. ಅವರು ಕನ್ನಡಕ ಹಣೆಗೇರಿಸಿದರು.

"ಇಷ್ಟ ವರ್ಷ ಪ್ಲಸ್ ಬರಾಕತ್ತಿತ್ತು. ನೀವು ಬಂದ ಮ್ಯಾಲ ಮೈನಸ್ ಹೆಂಗ ಬಂತ್ರಿ?"

"ಸರ್ಕ್ಯೂಟ್ ಇರೋದ ಹಂಗ್ರಿ ಸರ್."

"ಮೀಟರಿನ ವೈರ್ ಅದಲಿ ಬದಲಿ ಹಚ್ಚಸ್ರಿ. ಎಲ್ಲಾ ಸರಿ ಆಕ್ಕೈತಿ."

ಇಷ್ಟು ಸುಲಭದ ಪರಿಹಾರ ಜಗತ್ತಿನ ಯಾವ ವಿಜ್ಞಾನಿಗೂ ಹೊಳೆದಿರಲಿಲ್ಲ. ನನ್ನ ನೇಮಕ ವರ್ಷವರ್ಷವೂ ಅವರ ಸಹಿಯಿಂದಲೇ ಮುಂದುವರಿಯಬೇಕಿದ್ದರಿಂದ ನನಗೂ ಅದು ಅತ್ಯಂತ ವೈಜ್ಞಾನಿಕವಾಗಿ ಕಂಡಿತು. ಮಕ್ಕಳಿಗೆ ಹಾಗೆಯೇ ಹೇಳಿಕೊಟ್ಟೆ. ನಾನು ಕಲಿಸಿದ್ದರಲ್ಲಿ ಅವರು ಒಂದೇ ಏಟಿಗೆ ಕಲಿತದ್ದು ಅದೊಂದೇ.

ಪರೀಕ್ಷೆಗೆ ಸವಣೂರಿನ ಕಡೆಯಿಂದ ಒಬ್ಬ ಪರೀಕ್ಷಕರು ಬಂದರು. ಮಾಸೂರಿನ ಹುಡುಗಿಯೊಬ್ಬಳ ಮೇಜಿನ ಮುಂದೆ ನಿಂತು ಮೀಟರು ನೋಡಿದರು.

"ಇದರಾಗ ಪ್ಲಸ್ ಹೆಂಗ ಬಂತವಾ?"

"ವೈರ್ ಉಲ್ಟಾ ಹಚ್ಚೇನ್ರಿ ಸರ್. ಮೇಡಮ್ಮಾರು ಹೇಳ್ಯಾರ್ರಿ."

ನಾನು ಕಿಟಕಿಯಾಚೆ ಏನೋ ಮಹತ್ವದ್ದು ಕಂಡವಳಂತೆ ಅತ್ತ ನೋಡತೊಡಗಿದೆ.

"ಸೀದಾ ಹಚ್ಚಿದ್ರ?"

"ಮೈನಸ್ ಬರತೈತ್ರಿ. ಖರೇ ಅಂದ್ರ ಅದ ಸರಿ. ಜಾಲದಿಂದ ಬಂದ ಕರೆಂಟ್ ಎಲ್ಲಾ ತನಗ ಹಚ್ಚಿದ ರೆಸಿಸ್ಟರಿನಾಗಿಂದ ಎಳಕೋಬೇಕಂದ್ರ ಆಪ್-ಆಂಪ್ ಸೊನ್ನಿಗಿಂತ ಕೆಳಗ ಇಳೀಬೇಕಲ್ರಿ."

ಅದನ್ನು ನಾನು ಅವಳಿಗೆ ಹೇಳಿಕೊಟ್ಟಿರಲಿಲ್ಲ. ಗೊತ್ತಿದ್ದೂ ನನ್ನ ಮಾತಿಗೆ ಬೆಲೆ ಕೊಟ್ಟು ವೈರ್ ತಿರುವಿದ್ದಳು. ಪರೀಕ್ಷಕರು ಅವಳಿಗೆ ಪೂರ್ತಿ ಅಂಕ ಕೊಟ್ಟರು. ಚಹಾ ಕುಡಿಯುವಾಗ ನನ್ನ ಕಡೆ ಬಾಗಿ, "ನಮ್ಮಲ್ಲೂ ಹಂಗ ಮಾಡ್ತೇವ್ರಿ. ಯಾರಿಗೂ ಹೇಳಬ್ಯಾಡ್ರಿ," ಎಂದರು.

ಮರುವಾರ ಧೈರ್ಯ ಮಾಡಿ ಲ್ಯಾಬ್ ಪುಸ್ತಕದ ಪುಟವನ್ನು ತಿದ್ದಿದೆ. ಮುಖ್ಯಸ್ಥರು ಓದದೆ ಸಹಿ ಹಾಕಿದರು. ಆ ವಿಷಯದಲ್ಲಿ ಅವರದು ಯಾವತ್ತೂ ಉದಾರ ಮನಸ್ಸು. ಹಿರೇಕೆರೂರಿನ ಟೈಪಿಂಗ್ ಅಂಗಡಿಯಿಂದ ಹೊಸದಾಗಿ ಟೈಪಾದ ಆ ಪುಟದ ಪ್ರತಿಗಳು ಬಂದವು. ಒಂದರಲ್ಲೂ ಮೈನಸ್ ಇಲ್ಲ.

"ಅಲ್ಲಲ್ಲೆ ಸಣ್ಣ ಗೀಟ ಬಿದ್ದಿದ್ವು ಮೇಡಂ," ಎಂದ ಅಂಗಡಿಯವನು ಹೆಮ್ಮೆಯಿಂದ. "ಎಲ್ಲಾ ಸ್ವಚ್ಛ ಮಾಡೇನಿ."

ಆ ಮಾಸೂರಿನ ಹುಡುಗಿಯನ್ನು ಕರೆದೆ. ಇಬ್ಬರೂ ಪೆನ್ನು ಹಿಡಿದು ಕೂತು ಪ್ರತಿ ಪುಟಕ್ಕೂ ಮೈನಸ್ ಎಳೆದೆವು. ಅವಳ ಗೀಟುಗಳು ನನ್ನವಕ್ಕಿಂತ ದಪ್ಪಗಿದ್ದವು.